ನಿಮಗಿದು ಗೊತ್ತೇ? ಥಾರ್ ಮರಳಿನಲ್ಲಿ ರಾತ್ರಿ ತಂಗುವ ಮುನ್ನ

ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ದೂರದ ಸಮ್ ಮರಳುದಿಬ್ಬಗಳಲ್ಲಿ ಚಳಿಗಾಲ ಬಂತೆಂದರೆ ಟೆಂಟುಗಳ ಊರೇ ಏಳುತ್ತದೆ. ಆಗ ಹಾವು ಚೇಳುಗಳ ಓಡಾಟ ಕಡಿಮೆ. ಸೆಕೆ ಶುರುವಾದ ಮೇಲೆ, ಅದರಲ್ಲೂ ಮಳೆಗಾಲದಲ್ಲಿ ಹೋಗುವವರು ಇದನ್ನು ಓದಿಕೊಂಡೇ ಹೊರಡಿ. ಮರುಭೂಮಿಯಲ್ಲಿ ನಮ್ಮನ್ನು ಬೆಚ್ಚಿಬೀಳಿಸುವ ಜೀವಿಗಳೇ ಬೇರೆ, ಅಪಾಯ ತರುವ ಜೀವಿಗಳೇ ಬೇರೆ.

ಮಲಗಿದವರ ಉಸಿರು ಕುಡಿಯುವ ಹಾವು ಇದೆಯೇ? ಪಶ್ಚಿಮ ರಾಜಸ್ಥಾನದ ಹಳ್ಳಿಗರು ಇದೆ ಎನ್ನುತ್ತಾರೆ, ಅದನ್ನು ‘ಪೀವಣಾ’ ಎಂದು ಕರೆಯುತ್ತಾರೆ. ಉಸಿರು ಕುಡಿಯುವುದು ಕಟ್ಟುಕಥೆ, ಹಾವು ಮಾತ್ರ ನಿಜ: ಅದು ಸಿಂಧ್ ಕಟ್ಟುಹಾವು. ರಾತ್ರಿ ಹೊತ್ತು ಬೇಟೆಗೆ ಹೊರಡುವ ಇದು ನೆಲದಲ್ಲಿ ಮಲಗಿದವರ ಹಾಸಿಗೆಗೂ ನುಸುಳುತ್ತದೆ. ಕಚ್ಚಿದರೆ ಉರಿಯಾಗಲಿ ಊತವಾಗಲಿ ಅಷ್ಟಾಗಿ ಇರುವುದಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ರೆಪ್ಪೆ ಜೋಲುತ್ತದೆ, ನಾಲಿಗೆ ತೊದಲುತ್ತದೆ, ಕೊನೆಗೆ ಉಸಿರೇ ನಿಲ್ಲುತ್ತದೆ. ಗಾಯವಿಲ್ಲದ ಸಾವನ್ನು ಕಂಡ ಜನ ಹಾವೇ ಉಸಿರು ಕುಡಿಯಿತೆಂದು ನಂಬಿದ್ದರಲ್ಲಿ ಆಶ್ಚರ್ಯವೇನಿದೆ? ನಡುರಾತ್ರಿ ಕಾರಣವಿಲ್ಲದೆ ಹೊಟ್ಟೆನೋವು ಬಂದು, ಆಮೇಲೆ ರೆಪ್ಪೆ ಎತ್ತಲಾಗದಿದ್ದರೆ ಊಟ ಪಚನವಾಗಿಲ್ಲ ಎಂದುಕೊಂಡು ಬೆಳಗಿನವರೆಗೆ ಕಾಯಬೇಡಿ. ಆಸ್ಪತ್ರೆಗೆ ಹೊರಡಿ.

ಇದಕ್ಕೆ ರಕ್ಷಣೆ ತೀರಾ ಸುಲಭ. ಅಲ್ಲಿನವರಂತೆ ಹಗ್ಗದ ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿಕೊಳ್ಳಿ. ನಕ್ಷತ್ರ ನೋಡುತ್ತ ಮರಳಿನ ಮೇಲೆಯೇ ನಿದ್ದೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಬೇಡ.

ಒಂಟೆಜೇಡ ನಿಮ್ಮ ಕಡೆಗೇ ಓಡಿಬಂದರೆ? ಅದಕ್ಕೆ ಬೇಕಾದದ್ದು ನಿಮ್ಮ ನೆರಳು. ಅದರಲ್ಲಿ ವಿಷವಿಲ್ಲ, ನಿಜವಾದ ಜೇಡವೂ ಅದಲ್ಲ. ಹಿಡಿಯಲು ಹೋದರೆ ಮಾತ್ರ ಬಲವಾಗಿ ಕಚ್ಚುತ್ತದೆ.

ಅತಿನೇರಳೆ ಬೆಳಕು ಬಿದ್ದರೆ ಚೇಳು ಹಸಿರು-ನೀಲಿಯಾಗಿ ಹೊಳೆಯುತ್ತದೆ! ಅದರ ಹೊರಕವಚದಲ್ಲಿರುವ ವಸ್ತುಗಳೇ ಇದಕ್ಕೆ ಕಾರಣ. ಆಗಷ್ಟೇ ಪೊರೆ ಬಿಟ್ಟ ಚೇಳು, ಹೊಸ ಕವಚ ಗಟ್ಟಿಯಾಗುವವರೆಗೆ ಹೊಳೆಯುವುದಿಲ್ಲ. ಅತಿನೇರಳೆ ಟಾರ್ಚ್ ಇದ್ದರೆ ಮಲಗುವ ಮುನ್ನ ಟೆಂಟಿನ ಸುತ್ತ ಒಮ್ಮೆ ಹಾಯಿಸಿ. ಬೆಳಿಗ್ಗೆ ಶೂಗಳನ್ನು ತಲೆಕೆಳಗಾಗಿ ಕೊಡವಿಯೇ ಕಾಲಿಡಿ. ಅಂದಹಾಗೆ, ಕೆಂಪು ಚೇಳಿನ ಕುಟುಕು ಹೃದಯಕ್ಕೆ ಮಾಡುವ ಹಾನಿಯನ್ನು ತಡೆಯಲು ರಕ್ತದೊತ್ತಡದ ಮಾತ್ರೆ ಪ್ರಜೋಸಿನ್ ಸಾಕೆಂದು ತೋರಿಸಿ ಅಸಂಖ್ಯ ಜೀವ ಉಳಿಸಿದವರು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕಾದ ಬಾಣಲೆಗೆ ನೀರು ಚಿಮುಕಿಸಿದಂಥ ಸದ್ದು ಕೇಳಿದರೆ ನಿಂತಲ್ಲೇ ನಿಲ್ಲಿ. ಗರಗಸ ಮಂಡಲದ ಹಾವು ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಎಚ್ಚರಿಸುವ ರೀತಿ ಅದು. ಸಾಮಾನ್ಯವಾಗಿ ಎರಡಡಿಯ ಆಸುಪಾಸಿನ ಈ ಹಾವು ತಲೆಯಷ್ಟೇ ಹೊರಗಿಟ್ಟು ಮರಳಲ್ಲಿ ಹುದುಗಿರುತ್ತದೆ. ಆದ್ದರಿಂದ ಕತ್ತಲಲ್ಲಿ ಬರಿಗಾಲು ಬೇಡ, ಟಾರ್ಚ್ ಇಲ್ಲದೆ ಬಹಿರ್ದೆಸೆಗೆ ಹೋಗುವುದೂ ಬೇಡ.

ಇದು ಕಚ್ಚಿದಾಗ ಆಸ್ಪತ್ರೆಯಲ್ಲಿ ಮಾಡುವ ಒಂದು ಪರೀಕ್ಷೆಗೆ ಯಂತ್ರವೇ ಬೇಕಿಲ್ಲ. ಶುಭ್ರವಾದ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೇರಿದೆ ಎಂದರ್ಥ. ಅಲ್ಲಿಗೆ ತಲುಪುವವರೆಗೆ ನೀವು ಮಾಡಬೇಕಾದದ್ದು ಇಷ್ಟೇ: ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಮಾಡುವ ಹಾಗೆ ಅಲುಗಾಡದಂತೆ ಇರಿಸಿ, 108ಕ್ಕೆ ಕರೆ ಮಾಡಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಕೂಡದು.

ಭಾರತದಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಸಾಮಾನ್ಯ ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕಾಗಿ ತಯಾರಾದದ್ದು. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನ ಹಾವುಗಳಿಂದ. ರಾಜಸ್ಥಾನದ ಗರಗಸ ಮಂಡಲದ ಉಪಜಾತಿಯ ಮೇಲೂ ಸಿಂಧ್ ಕಟ್ಟುಹಾವಿನ ಮೇಲೂ ಅದರ ಪ್ರಭಾವ ಸಾಲದು ಎಂದು 2019ರಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು. ಮರುಭೂಮಿಯ ಹಾವುಗಳಿಗೆ ತಕ್ಕ ಪ್ರತಿವಿಷ ಬೇಗ ಸಿಗಬೇಕು. ಅಲ್ಲಿ ವರ್ಷವಿಡೀ ಬದುಕುವ ಕುರಿಗಾಹಿಗಳ ಪ್ರಾಣದ ಪ್ರಶ್ನೆ ಇದು. ಈಗಿರುವ ಪ್ರತಿವಿಷವನ್ನೂ ತಡಮಾಡದೆ ಪಡೆಯಲೇಬೇಕು, ಸದ್ಯಕ್ಕೆ ಇರುವ ಮದ್ದು ಅದೊಂದೇ.

ಸೊಳ್ಳೆಗಿಂತ ಚಿಕ್ಕದಾದ, ಸದ್ದೇ ಮಾಡದ ಮರಳುನೊಣ ಬಿಕಾನೇರ್ ಸೀಮೆಯಲ್ಲಿ ಚರ್ಮದ ಲೀಶ್ಮನಿಯಾಸಿಸ್ ಹರಡುತ್ತದೆ. ಕಚ್ಚಿದ ಜಾಗದಲ್ಲಿ ವಾರಗಟ್ಟಲೆ ಮಾಯದ ಹುಣ್ಣು ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ಇದು ತೂರಬಲ್ಲದು, ಹಾಗಾಗಿ ಒತ್ತು ಹೆಣಿಗೆಯ ಪರದೆಯೇ ಬೇಕು. ಹಾರಾಟದಲ್ಲಿ ದುರ್ಬಲವಾದ್ದರಿಂದ ಫ್ಯಾನ್ ಗಾಳಿಗೂ ನಿಲ್ಲಲಾರದು.

ಒಂಟೆ ಸವಾರಿ ಮುಗಿಸಿದ ಮೇಲೆ ಮೈ ನೋಡಿಕೊಳ್ಳಿ. ಹಯಲೋಮಾ ಜಾತಿಯ ಉಣ್ಣೆಗಳು ಹುಲ್ಲಿನ ತುದಿಯಲ್ಲಿ ಕಾದು ಕೂರುವುದಕ್ಕಿಂತ ನೆಲದ ಮೇಲೆ ಓಡಿಬಂದು ಹತ್ತಿಕೊಳ್ಳುವುದೇ ಹೆಚ್ಚು. ಇವು ಕ್ರಿಮಿಯನ್-ಕಾಂಗೋ ಜ್ವರವನ್ನು ಹರಡಬಲ್ಲವು; ಭಾರತದಲ್ಲಿ ಅದು ಮೊದಲು ಖಚಿತವಾದದ್ದು 2011ರಲ್ಲಿ, ಗುಜರಾತಿನಲ್ಲಿ. ಉಣ್ಣೆಯನ್ನು ಬೆರಳಲ್ಲಿ ಹಿಚುಕಬಾರದು. ಚಿಮಟದಿಂದ ಚರ್ಮದ ಹತ್ತಿರಕ್ಕೇ ಹಿಡಿದು ನೇರವಾಗಿ ಎಳೆಯಿರಿ.

ಹಗಲಲ್ಲಿ ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತ ಕೂತ, ಮುಳ್ಳುಬಾಲದ ದಪ್ಪ ಹಲ್ಲಿ ಕಂಡರೆ ಹೆದರಬೇಡಿ. ಅದು ಸಾಂಡಾ. ಸೊಪ್ಪು ಹೂವೇ ಅದರ ಮುಖ್ಯ ಆಹಾರ. ಕೀಲುನೋವಿಗೆ ಮದ್ದೆಂಬ ಸುಳ್ಳು ನಂಬಿಕೆಯಿಂದ ಅದನ್ನು ಕೊಂದು ಕೊಬ್ಬು ಕಾಯಿಸುತ್ತಾರೆ; ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧ. ಯಾರಾದರೂ ಆ ಎಣ್ಣೆ ಮಾರಲು ಬಂದರೆ ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.