ಮುಖವಿಲ್ಲದ ಮನೆಗೆಲಸದಾಕೆ

ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವ ಏಳೆಂಟು ನಿಮಿಷಗಳ ಚಿತ್ರದಿಂದ ಯಾರಿಗೇನು ಕೇಡೆಂದು ವಾಚಕರು ಕೇಳಬಹುದು. ‘ಟಾಮ್ ಅಂಡ್ ಜೆರ್ರಿ’ಯನ್ನು ನೋಡಿ ನಮ್ಮ ಮಕ್ಕಳು ನಕ್ಕಿದ್ದಾರೆ, ನಾವೂ ನಕ್ಕಿದ್ದೇವೆ. ಆದರೆ ಆ ನಗೆಯ ಹಿಂದೆ ನಿಂತಿದ್ದ ಒಬ್ಬ ಹೆಂಗಸಿನ ವಿಷಯವನ್ನು ಇಲ್ಲಿ ವಿಚಾರಿಸುವುದು ಅವಶ್ಯವಾಗಿದೆ.

ಅಮೆರಿಕದ ಎಂ.ಜಿ.ಎಂ. ಸಂಸ್ಥೆಯಲ್ಲಿ ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ ಅವರು 1940ರಲ್ಲಿ ಈ ಮಾಲೆಯನ್ನು ಆರಂಭಿಸಿದರು. ಬೆಕ್ಕನ್ನು ಗದರಿಸುವ ಕರಿಯ ಮನೆಗೆಲಸದಾಕೆಯು ಮೊದಲನೆಯ ಚಿತ್ರದಿಂದ 1952ರವರೆಗೆ ಅದರಲ್ಲಿ ಕಾಣಿಸಿಕೊಂಡಳು. ಆಕೆಯ ಕಾಲು, ಕೈಗಳು ಕಂಡವು. ಮುಖವು ಕಂಡದ್ದು ಇಲ್ಲವೆನ್ನುವಷ್ಟು ವಿರಳ. ಬೆಕ್ಕಿನ ಕಣ್ಣಳತೆಗೆ ಇದು ಸಹಜವೆಂದು ವಾದಿಸಬಹುದು. ಆದರೆ ಆ ಸ್ಥೂಲಕಾಯ, ಆ ಒರಟು ಮಾತು, ಆ ಗದರಿಕೆಗಳು ಗುಲಾಮಗಿರಿಯ ನೆನಪಿನಿಂದ ಬಿಳಿಯರ ರಂಗಭೂಮಿಯು ಎರಕಹೊಯ್ದ ಅಚ್ಚಿನಿಂದಲೇ ಬಂದವು. ಆಕೆಗೆ ಧ್ವನಿ ನೀಡಿದ ಲಿಲಿಯನ್ ರಾಂಡಾಲ್ಫ್ ಎಂಬ ಕರಿಯ ನಟಿಯ ಹೆಸರನ್ನು ಕೂಡ ಆ ಚಿತ್ರಗಳು ಹೇಳಲಿಲ್ಲ.

ಪ್ರತಿಭಟನೆಯು ಆಗಲೂ ಇಲ್ಲದಿರಲಿಲ್ಲ. ವಾಲ್ಟರ್ ಲ್ಯಾಂಟ್ಸ್ ಅವರ 1941ರ ಚಿತ್ರವೊಂದು ಕರಿಯರನ್ನು ಸೋಮಾರಿಗಳೆಂದು ಹೀಯಾಳಿಸಿತ್ತು. ಕರಿಯರ ಹಕ್ಕುಗಳಿಗಾಗಿ ಹೋರಾಡುವ ಸಂಘವು ಆಕ್ಷೇಪಿಸಲು, 1949ರಲ್ಲಿ ಯೂನಿವರ್ಸಲ್ ಕಂಪನಿಯು ಅದನ್ನು ಹಿಂತೆಗೆದುಕೊಂಡಿತು. 1968ರಲ್ಲಿ ವಾರ್ನರ್ ಸಂಸ್ಥೆಯ ಹನ್ನೊಂದು ಚಿತ್ರಗಳನ್ನು ದೂರದರ್ಶನದ ಪ್ರಸಾರದಿಂದ ತಡೆಹಿಡಿಯಲಾಯಿತು.

ಆದರೆ ತಿದ್ದುವ ಕೈಯೂ ತಪ್ಪಬಲ್ಲದು. 1960ರ ದಶಕದಲ್ಲಿ ದೂರದರ್ಶನಕ್ಕಾಗಿ ಎಂ.ಜಿ.ಎಂ. ಸಂಸ್ಥೆಯು ಹಳೆಯ ಚಿತ್ರಗಳನ್ನು ಪರಿಷ್ಕರಿಸಿದಾಗ, ಕೆಲವೆಡೆ ಆ ಕರಿಯ ಹೆಂಗಸಿನ ಸ್ಥಾನದಲ್ಲಿ ಬಿಳಿಯ ಹೆಂಗಸನ್ನು ಬರೆಯಿಸಿತು. ಕೆಲವೆಡೆ ಆಕೆಯ ಬಾಯಿಗೆ ಐರಿಷ್ ಉಚ್ಚಾರವನ್ನು ತುಂಬಿಸಿತು. ಅವಮಾನವನ್ನು ತೊಡೆಯಲು ಹೊರಟವರು ಅವಮಾನಿತಳನ್ನೇ ತೊಡೆದುಹಾಕಿದರು. ರಾಂಡಾಲ್ಫ್ ಅವರ ಧ್ವನಿಯೂ ಅಲ್ಲಿಂದ ಹೊರಟುಹೋಯಿತು.

ಮುಂದೆ ವಾರ್ನರ್ ಸಂಸ್ಥೆಯು ತನ್ನ ಹಳೆಯ ಚಿತ್ರಗಳ ಸಂಪುಟಗಳಿಗೆ ಮುನ್ನುಡಿಯೊಂದನ್ನು ಸೇರಿಸಿತು. ಈ ಚಿತ್ರಣಗಳು ಅಂದೂ ತಪ್ಪು, ಇಂದೂ ತಪ್ಪು. ಆದರೆ ಇವನ್ನು ಮುಚ್ಚಿಡುವುದು ಆ ತಪ್ಪು ನಡೆಯಲೇ ಇಲ್ಲವೆಂದಂತಾಗುವುದು ಎಂಬುದು ಅದರ ತಾತ್ಪರ್ಯ. ಇದೇ ಯುಕ್ತವಾದ ಮಾರ್ಗವೆಂದು ನಮ್ಮ ಅಭಿಪ್ರಾಯ. ಆದರೆ ಮುನ್ನುಡಿಯನ್ನು ಓದಲಾರದ ಎಳೆಯ ಮಗುವಿನೆದುರು ಈ ಚಿತ್ರಗಳನ್ನು ಹಾಗೆಯೇ ಹರಿಯಬಿಡುವುದು ಸಲ್ಲದು. ಪಕ್ಕದಲ್ಲಿ ಕುಳಿತು ವಿವರಿಸುವುದು ಹಿರಿಯರ ಹೊಣೆ.

ಶಾಶ್ವತವಾದ ಪರಿಹಾರವು ಕುಂಚವನ್ನು ಹಿಡಿಯುವವರು ಯಾರೆಂಬುದನ್ನು ಅವಲಂಬಿಸಿದೆ. ಕರಿಯ ಕಲಾವಿದ ಫ್ಲಾಯ್ಡ್ ನಾರ್ಮನ್ ಅವರು ಡಿಸ್ನಿ ಸಂಸ್ಥೆಯನ್ನು ಸೇರಿದ್ದು 1956ರಲ್ಲಿ. ಅಷ್ಟರಲ್ಲಿ ಆ ಹೆಂಗಸು ತೆರೆಯಿಂದ ಮರೆಯಾಗಿ ನಾಲ್ಕು ವರ್ಷಗಳಾಗಿದ್ದವು. ಒಂದು ಜನಾಂಗದ ಮುಖವನ್ನು ಬರೆಯುವಾಗ ಆ ಜನಾಂಗದವರೂ ಮೇಜಿನ ಬಳಿ ಇದ್ದಿದ್ದರೆ, ಆಕೆಗೊಂದು ಮುಖವು ದೊರೆಯುತ್ತಿತ್ತೆಂದು ನಾವು ನಂಬುತ್ತೇವೆ.