ರೋಗಿಯೊಡನೆ ಮುಂಬಯಿಗೆ ಬರುವವರು ವಸತಿಯನ್ನು ಆರಿಸುವುದು ಹೇಗೆ?

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಊರಿನಿಂದ ಬರುವ ಒಂದು ಬಗೆಯ ಕರೆ ಚಿರಪರಿಚಿತವಾದುದು. “ಅಪ್ಪಯ್ಯನನ್ನು ಟಾಟಾ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಡಾಕ್ಟರು ಹೇಳಿದ್ದಾರೆ. ಉಳಿದುಕೊಳ್ಳುವುದು ಎಲ್ಲಿ?” ಎಂಬ ಪ್ರಶ್ನೆಗೆ ಬೊರಿವಲಿಯವರಾದ ನಾವು, “ನಮ್ಮ ಮನೆಯಿಲ್ಲವೇ?” ಎಂದು ಉತ್ತರಿಸುವುದು ವಾಡಿಕೆ. ಈ ಉತ್ತರದಲ್ಲಿರುವ ಅಕ್ಕರೆ ದೊಡ್ಡದು. ಆದರೆ ಅಕ್ಕರೆಯೊಂದೇ ರೋಗಿಗೆ ಸಾಲದು. ವಸತಿಯೂ ಚಿಕಿತ್ಸೆಯ ಒಂದು ಅಂಗವೇ. ಬಾಡಿಗೆಯನ್ನಾಗಲಿ ಬಾಂಧವ್ಯವನ್ನಾಗಲಿ ನೋಡಿ ಅದನ್ನು ಆರಿಸದೆ, ರೋಗಿಯ ಶರೀರಸ್ಥಿತಿಯನ್ನು ನೋಡಿ ಆರಿಸಬೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಚಿಕಿತ್ಸೆಯ ಸ್ವರೂಪ

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯು 1941ರ ಫೆಬ್ರವರಿ 28ರಂದು ಆರಂಭವಾಯಿತು. 1962ರಲ್ಲಿ ಅದರ ಆಡಳಿತವು ಕೇಂದ್ರ ಸರಕಾರದ ಪರಮಾಣು ಶಕ್ತಿ ಇಲಾಖೆಗೆ ಸೇರಿತು. ಆದರೆ ಎಲ್ಲ ಚಿಕಿತ್ಸೆಯೂ ಪರೇಲಿನಲ್ಲೇ ನಡೆಯುವುದಿಲ್ಲ. ಕೆಲವು ರೋಗಿಗಳನ್ನು ಇದೇ ಸಂಸ್ಥೆಗೆ ಸೇರಿದ ನವಿ ಮುಂಬಯಿಯ ಖಾರ್‌ಘರ್ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಆದುದರಿಂದ ಚಿಕಿತ್ಸೆ ಎಲ್ಲಿ, ಎಷ್ಟು ವಾರ, ವಾರಕ್ಕೆ ಎಷ್ಟು ದಿನ ಎಂಬುದನ್ನು ವೈದ್ಯರಿಂದ ತಿಳಿದುಕೊಳ್ಳುವ ಮೊದಲು ಕೋಣೆಗೆ ತಿಂಗಳ ಮುಂಗಡ ಕೊಡುವುದು ವಿವೇಕವಲ್ಲ.

ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಹಲವು ವಾರ ಕೊಡುತ್ತಾರೆ. ಕೀಮೋಥೆರಪಿಯನ್ನು ಅನೇಕ ವೇಳೆ ಎರಡು ಅಥವಾ ಮೂರು ವಾರಗಳಿಗೊಮ್ಮೆ ಕೊಡುವುದುಂಟು. ಮೊದಲನೆಯದಕ್ಕೆ ಆಸ್ಪತ್ರೆಯ ಸಮೀಪದ ವಾಸ ಅತ್ಯಗತ್ಯ. ಎರಡನೆಯದರಲ್ಲಿ, ಮುಂದಿನ ಸುತ್ತುಗಳನ್ನು ಊರಿನ ಹತ್ತಿರವೇ ಪಡೆಯಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ. ಮುಂಬಯಿಯಲ್ಲಿ ಉಳಿಯದಿರುವುದೇ ಕೆಲವರಿಗೆ ಅತ್ಯುತ್ತಮ ವಸತಿ!

ದೂರದ ಲೆಕ್ಕ

ಬೊರಿವಲಿಯಿಂದ ದಾದರಿಗೆ ವೇಗದ ಲೋಕಲ್ ಗಾಡಿಯಲ್ಲಿ ಸುಮಾರು ಅರ್ಧ ಗಂಟೆಯ ಮೇಲೆ ಕೆಲವು ನಿಮಿಷ ಹಿಡಿಯುತ್ತದೆ. ನಮಗೆ ಇದು ದಿನನಿತ್ಯದ ಪ್ರಯಾಣ. ರೋಗಿಗೆ ಹಾಗಲ್ಲ. ಮೆಟ್ಟಿಲುಸೇತುವೆ, ಬೆಳಗಿನ ನೂಕುನುಗ್ಗಲು, ನಿಲ್ದಾಣದಿಂದ ಆಸ್ಪತ್ರೆಯವರೆಗಿನ ದಾರಿ, ಎಲ್ಲವನ್ನೂ ಎರಡರಿಂದ ಗುಣಿಸಬೇಕು. ವಿಕಲಚೇತನರಿಗೆ ಮೀಸಲಾದ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಅವಕಾಶವಿದೆಯೆಂಬುದು ನಿಜ. ಆದರೂ ಡಬ್ಬಿಯನ್ನು ತಲುಪುವವರೆಗಿನ ಶ್ರಮ ತಪ್ಪದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಕೀಮೋಥೆರಪಿಯ ಅನಂತರ, ಹೆಚ್ಚಾಗಿ ಏಳರಿಂದ ಹದಿನಾಲ್ಕನೆಯ ದಿನದ ನಡುವೆ, ಬಿಳಿ ರಕ್ತಕಣಗಳು ತೀರ ಕಡಮೆಯಾಗುವ ಸಂಭವವಿದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಮಿಗಿಲಾದ ಜ್ವರ ಬಂದರೆ ಅದು ತುರ್ತುಸ್ಥಿತಿ. ಬೆಳಗಾಗಲಿ ಎಂದು ಕಾಯುವಂತಿಲ್ಲ. ನಡುರಾತ್ರಿಯಲ್ಲಿ ಒಂದು ಗಂಟೆಯೊಳಗೆ ಆಸ್ಪತ್ರೆ ಸೇರಬಹುದೇ? ವಸತಿಯ ಆಯ್ಕೆಯಲ್ಲಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೇ ಇದು. ಮಳೆಗಾಲವಾದರೆ ದಾದರ್-ಪರೇಲ್ ನಡುವಣ ಹಿಂದ್‌ಮಾತಾ ಪ್ರದೇಶದಲ್ಲಿ ನೀರು ನಿಲ್ಲುವುದನ್ನೂ ಗಮನದಲ್ಲಿಡಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರವೇ ಸ್ತಬ್ಧವಾದುದನ್ನು ಯಾರು ಮರೆತಾರು?

ಧರ್ಮಶಾಲೆಗಳು

ಧರ್ಮಶಾಲೆಯೆಂದೊಡನೆ ಮೂಗು ಮುರಿಯುವವರುಂಟು. ಇದು ಸರಿಯಲ್ಲ. ದಾದರಿನ ಸಂತ ಗಾಡಗೆ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲ್ಕರ್ ಸ್ಮೃತಿ ಸಮಿತಿ, ಬಾಂದ್ರಾದ ಡಾ. ಅರ್ನೆಸ್ಟ್ ಬೋರ್ಜಿಸ್ ಸ್ಮಾರಕ ಗೃಹ ಇವೇ ಮುಂತಾದವು ಹೊರಊರಿನ ರೋಗಿಗಳಿಗೆ ಆಸರೆಯಾಗಿವೆ. ಕ್ಯಾನ್ಸರ್ ಪೀಡಿತ ಮಕ್ಕಳ ಕುಟುಂಬಗಳಿಗೆ ಸೇಂಟ್ ಜೂಡ್ ಸಂಸ್ಥೆಯು 2006ರಿಂದ ಉಚಿತ ವಸತಿ ನೀಡುತ್ತ ಬಂದಿದೆ. ಇಲ್ಲಿ ಜೊತೆಗಿರುವವರೂ ಅದೇ ದಾರಿಯಲ್ಲಿ ನಡೆಯುತ್ತಿರುವವರು. ಯಾವ ಕಿಟಕಿಯಲ್ಲಿ ಯಾವ ಕಾಗದ ಕೊಡಬೇಕೆಂಬುದನ್ನು ಅವರಷ್ಟು ಚೆನ್ನಾಗಿ ಹೇಳಬಲ್ಲವರಿಲ್ಲ. ಸ್ಥಳಾವಕಾಶ ಮಿತವಾಗಿರುವುದರಿಂದ, ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿದ ದಿನವೇ ಅಲ್ಲಿನ ಸಮಾಜಸೇವಾ ವಿಭಾಗವನ್ನು ಕಾಣತಕ್ಕದ್ದು. ರೋಗಿಯ ಫೈಲಿನ ಸಂಖ್ಯೆ ಮತ್ತು ಗುರುತಿನ ಚೀಟಿಯ ಪ್ರತಿಗಳು ಕೈಯಲ್ಲಿರಲಿ.

ಕೋಣೆಯಲ್ಲಿ ನೋಡಬೇಕಾದುದು

ಲಾಡ್ಜ್ ಅಥವಾ ಅತಿಥಿಗೃಹವನ್ನೇ ಆರಿಸುವುದಾದರೆ ಹಣ ಕೊಡುವ ಮೊದಲು ಕೋಣೆಯನ್ನು ಕಣ್ಣಾರೆ ನೋಡಬೇಕು. ಲಿಫ್ಟ್ ಇದೆಯೇ? ಇಲ್ಲವಾದರೆ ನೆಲಮಾಳಿಗೆಯಲ್ಲದ, ನೆಲಮಟ್ಟದ ಕೋಣೆ ದೊರೆಯುವುದೇ? ಶೌಚಾಲಯ ಕೋಣೆಗೆ ಹೊಂದಿಕೊಂಡಿದೆಯೇ? ಕುಕ್ಕರುಗಾಲಿನಲ್ಲಿ ಕೂರಲಾರದವರಿಗೆ ಕಮೋಡ್ ಇದೆಯೇ? ಗೋಡೆಯಲ್ಲಿ ತೇವದ ಕಲೆ, ಬೂಷ್ಟಿನ ವಾಸನೆ ಇದ್ದರೆ ಅಂತಹ ಕೋಣೆ ಬೇಡವೇ ಬೇಡ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಬೂಷ್ಟು ಶ್ವಾಸಕೋಶದ ಸೋಂಕನ್ನು ತರಬಲ್ಲದು. ಕಿಟಕಿಗೆ ಸೊಳ್ಳೆಯ ಜಾಲರಿ ಇರಬೇಕು. ಇಲ್ಲವಾದರೆ ಪರದೆಯನ್ನಾದರೂ ಕಟ್ಟಿಕೊಳ್ಳಬೇಕು.

ನೀರು ಕಾಯಿಸಲು, ಗಂಜಿ ಬೇಯಿಸಲು ಅನುಮತಿ ಇದೆಯೇ ಎಂಬುದನ್ನೂ ಕೇಳಿರಿ. ನಾಲಿಗೆ ಕೆಟ್ಟ ರೋಗಿಗೆ ಅಪರಿಚಿತ ಅಡಿಗೆ ರುಚಿಸುವುದಿಲ್ಲ. ಬಿಸಿ ಅನ್ನ, ತಿಳಿಸಾರು ಸಿಕ್ಕಿದರೆ ನಾಲ್ಕು ತುತ್ತು ಒಳಗೆ ಹೋದೀತು. ಪರೇಲಿಗೆ ಸಮೀಪದ ಮಾಟುಂಗಾದಲ್ಲಿ ನಮ್ಮ ಉಡುಪಿಯವರ ಊಟದ ಮನೆಗಳಿರುವುದು ಒಂದು ಅನುಕೂಲ. ಹಸಿ ತರಕಾರಿ, ಹೊರಗೆ ಕೊಯ್ದಿಟ್ಟ ಹಣ್ಣು ಮಾತ್ರ ಈ ಕಾಲದಲ್ಲಿ ವರ್ಜ್ಯ.

ಹಣಕಾಸು

ಬ್ಯಾಂಕಿನವನಿಗೆ ಲೆಕ್ಕ ಮೊದಲು ಹೊಳೆಯುವುದು ಸಹಜ. ಆರು ವಾರಗಳ ವಿಕಿರಣ ಚಿಕಿತ್ಸೆ ಎಂದಿಟ್ಟುಕೊಳ್ಳೋಣ. ದೂರದ ಉಪನಗರದಲ್ಲಿ ದಿನಕ್ಕೆ 700 ರೂ. ಕೋಣೆಗೆ 42 ದಿನಗಳಿಗೆ 29,400 ರೂ. ಆಗುತ್ತದೆ. ಹೋಗಿಬರುವ ಟ್ಯಾಕ್ಸಿಗೆ 900 ರೂ.ನಂತೆ 30 ದಿನಗಳಿಗೆ 27,000 ರೂ. ಒಟ್ಟು 56,400 ರೂ. ನಡೆದು ಹೋಗುವಷ್ಟು ಹತ್ತಿರದಲ್ಲಿ ದಿನಕ್ಕೆ 1,200 ರೂ. ಕೋಣೆಯಾದರೆ 50,400 ರೂ. ಅಗ್ಗವೆಂದು ತೋರಿದುದೇ ತುಟ್ಟಿ! ಈ ದರಗಳು ಉದಾಹರಣೆಗಾಗಿ ಮಾತ್ರ. ತಮ್ಮ ತಮ್ಮ ಅಂಕಿಗಳನ್ನು ಹಾಕಿ ನೋಡಬೇಕು.

ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ ಎಂದು ವಿಚಾರಿಸಿರಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಹೋಟೆಲ್ ಕೋಣೆಗಳ ಮೇಲಿನ ಸರಕು-ಸೇವಾ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಆಸ್ಪತ್ರೆಯ ಬಾಗಿಲಲ್ಲಿ ಎದುರಾಗುವ ದಲ್ಲಾಳಿಗಳಿಗೆ ಒಂದು ಪೈಸೆಯನ್ನೂ ಕೊಡಬಾರದು. ವಾರವಾರ ಹಣ ಕಟ್ಟಿ ರಸೀದಿ ಪಡೆಯಿರಿ. ಚಿಕಿತ್ಸೆಗಾಗಿ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲ್ವೆ ರಿಯಾಯಿತಿ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಆಸ್ಪತ್ರೆಯಿಂದ ಪಡೆಯಲು ಮರೆಯಬಾರದು.

ನಮ್ಮ ಕರ್ತವ್ಯ

ಹಾಗಾದರೆ ಬೊರಿವಲಿಯ ಮನೆಗಳ ಬಾಗಿಲು ಮುಚ್ಚಬೇಕೇ? ಖಂಡಿತ ಅಲ್ಲ. ಮೊದಲ ತಪಾಸಣೆಗೆ ಬಂದವರಿಗೆ, ಎರಡು ಸುತ್ತುಗಳ ನಡುವೆ ವೈದ್ಯರ ಒಪ್ಪಿಗೆಯಿಂದ ದಣಿವಾರಿಸಿಕೊಳ್ಳುವವರಿಗೆ, ರೋಗಿಯ ಶುಶ್ರೂಷೆಯಿಂದ ಬಳಲಿದ ಮಗನಿಗೋ ಸೊಸೆಗೋ ಒಂದು ರಾತ್ರಿಯ ನಿದ್ರೆಗೆ ನಮ್ಮ ಮನೆಯೇ ಸೂಕ್ತ. ಮನೆಯಲ್ಲಿ ಯಾರಿಗಾದರೂ ನೆಗಡಿ, ಜ್ವರ, ಸೀತಾಳೆ ಸಿಡುಬಿನಂತಹ ಅಂಟುಜಾಡ್ಯವಿದ್ದರೆ ಮಾತ್ರ ಅದನ್ನು ಮುಚ್ಚಿಡದೆ ಮೊದಲೇ ತಿಳಿಸಬೇಕು. ಉಳಿದಂತೆ, ಪರೇಲಿನಲ್ಲಿರುವ ರೋಗಿಗೆ ಬುತ್ತಿ ಮುಟ್ಟಿಸುವುದು, ಮರಾಠಿ-ಹಿಂದಿ ಬಾರದವರ ಪರವಾಗಿ ಕಿಟಕಿಯಲ್ಲಿ ನಿಂತು ಮಾತಾಡುವುದು, ರಕ್ತದಾನಿಗಳನ್ನು ಒದಗಿಸುವುದು, ಭಾನುವಾರ ಒಂದು ಗಳಿಗೆ ಹೋಗಿ ಕುಳಿತು ಕನ್ನಡದಲ್ಲಿ ನಾಲ್ಕು ಮಾತಾಡುವುದು, ಇವು ನಮ್ಮಂತಹ ಸಂಘಗಳ ಸದಸ್ಯರು ಸರದಿಯಂತೆ ಮಾಡಬಹುದಾದ ಸೇವೆಗಳು.

“ಆಸ್ಪತ್ರೆಯ ಹತ್ತಿರವೇ ಉಳಿಯಿರಿ, ನಾವು ಅಲ್ಲಿಗೆ ಬರುತ್ತೇವೆ” ಎಂದು ಹೇಳುವುದು ಆತಿಥ್ಯದ ನಿರಾಕರಣೆಯಲ್ಲ. ಆತಿಥ್ಯವನ್ನು ರೋಗಿಯಿದ್ದಲ್ಲಿಗೆ ಕೊಂಡೊಯ್ಯುವ ಬಗೆ ಅದು. ಬಂದವರು ಅದನ್ನು ತಪ್ಪಾಗಿ ತಿಳಿಯದಂತೆ ಹೇಳುವ ನಯವೊಂದು ನಮ್ಮಲ್ಲಿದ್ದರೆ ಸಾಕು.