ಮಸ್ಕಿಯಿಂದ ವಿಕಿಮೀಡಿಯಾ ಮಂಡಳಿಗೆ: ದಾರಿ ಇದೆ, ದೂರವೂ ಇದೆ

ಸಿಂಧನೂರು: ತುಂಗಭದ್ರಾ ಎಡದಂಡೆ ಕಾಲುವೆಗೆ ಯಾವಾಗ ನೀರು ಬಿಡಬೇಕು, ಎಷ್ಟು ದಿನ ಬಿಡಬೇಕು ಎಂಬುದನ್ನು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಅದರ ಸದಸ್ಯರು ಯಾರ ಗದ್ದೆಗೂ ಇಳಿದು ನಾಟಿ ಮಾಡುವುದಿಲ್ಲ. ಆದರೆ ಅವರ ತೀರ್ಮಾನವನ್ನು ಅವಲಂಬಿಸಿಯೇ ಸಿಂಧನೂರು ಭಾಗದ ಭತ್ತದ ಬೆಳೆ ನಿಂತಿದೆ. ಕಾಲುವೆಯ ಕೊನೆಯ ಭಾಗದ ರೈತರು ಪ್ರತಿ ಹಂಗಾಮಿನಲ್ಲೂ ಆ ಸಭೆಯತ್ತ ಕಣ್ಣಿಟ್ಟು ಕುಳಿತಿರುವುದು ಇದೇ ಕಾರಣಕ್ಕೆ.

ಜ್ಞಾನದ ಕಾಲುವೆಗೂ ಇಂಥದೊಂದು ಸಮಿತಿ ಇದೆ. ವಿಕಿಪೀಡಿಯ, ವಿಕಿಸೋರ್ಸ್, ವಿಕ್ಷನರಿ ಮೊದಲಾದ ಮುಕ್ತ ಜ್ಞಾನ ಯೋಜನೆಗಳ ಹಿಂದಿರುವ ಲಾಭರಹಿತ ಸಂಸ್ಥೆ ವಿಕಿಮೀಡಿಯಾ ಫೌಂಡೇಶನ್. ಅದರ ಟ್ರಸ್ಟಿ ಮಂಡಳಿಯ ಸುಮಾರು ಅರ್ಧದಷ್ಟು ಸ್ಥಾನಗಳು ಚುನಾವಣೆಯ ಮೂಲಕ ತುಂಬುತ್ತವೆ. ಲೇಖನ ಬರೆಯುವ ಸ್ವಯಂಸೇವಕರೇ ಅಲ್ಲಿ ಮತದಾರರು, ಅವರೇ ಅಭ್ಯರ್ಥಿಗಳು. ಸಿಂಧನೂರಿನ ಕಾಲೇಜು ವಿದ್ಯಾರ್ಥಿಯಾಗಲಿ, ಲಿಂಗಸುಗೂರಿನ ಶಿಕ್ಷಕಿಯಾಗಲಿ, ಮಸ್ಕಿಯ ಅಂಗಡಿ ಮಾಲೀಕರಾಗಲಿ ಕಣಕ್ಕಿಳಿಯಲು ನಿಯಮದ ಅಡ್ಡಿಯಿಲ್ಲ. ಆದರೂ 2004ರಲ್ಲಿ ನಡೆದ ಮೊದಲ ಚುನಾವಣೆಯಿಂದ ಈವರೆಗೆ ಸ್ವಯಂಸೇವಕರ ಮತದಿಂದ ಭಾರತದ ಯಾರೊಬ್ಬರೂ ಆ ಮಂಡಳಿಗೆ ಆಯ್ಕೆಯಾಗಿಲ್ಲ. ಏಕೆ ಹೀಗೆ? ಆ ಸ್ಥಾನಕ್ಕೆ ಏರುವ ದಾರಿ ಯಾವುದು?

ಮಂಡಳಿ ಮಾಡುವುದೇನು?

ವಿಕಿಪೀಡಿಯ ಆರಂಭವಾದದ್ದು 2001ರಲ್ಲಿ. ಅದನ್ನು ಮುನ್ನಡೆಸಲು ಜಿಮ್ಮಿ ವೇಲ್ಸ್ 2003ರ ಜೂನ್‌ನಲ್ಲಿ ಅಮೆರಿಕದಲ್ಲಿ ಈ ಫೌಂಡೇಶನ್ ಸ್ಥಾಪಿಸಿದರು. ಕಾಕತಾಳೀಯವೆಂಬಂತೆ ಕನ್ನಡ ವಿಕಿಪೀಡಿಯ ತೆರೆದುಕೊಂಡದ್ದೂ ಅದೇ 2003ರಲ್ಲಿಯೇ.

ಟ್ರಸ್ಟಿಗಳು ಲೇಖನಗಳನ್ನು ತಿದ್ದುವುದಿಲ್ಲ. ಯಾವ ಲೇಖನ ಉಳಿಯಬೇಕು, ಯಾವುದು ಅಳಿಯಬೇಕು ಎಂದು ಹೇಳುವುದೂ ಅವರ ಕೆಲಸವಲ್ಲ; ಅದನ್ನು ಆಯಾ ಭಾಷೆಯ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ಸಂಸ್ಥೆಯ ಮುಖ್ಯಸ್ಥರನ್ನು ನೇಮಿಸುವುದು, ವಾರ್ಷಿಕ ಯೋಜನೆ ಹಾಗೂ ಆಯವ್ಯಯಕ್ಕೆ ಒಪ್ಪಿಗೆ ನೀಡುವುದು, ದೀರ್ಘಕಾಲದ ಧೋರಣೆ ರೂಪಿಸುವುದು, ಕಾನೂನಿನ ಹೊಣೆ ಹೊರುವುದು ಮಂಡಳಿಯ ಪಾಲಿನ ಕಾರ್ಯಗಳು.

ಈ ಹೊಣೆ ಸಣ್ಣದಲ್ಲ. 2023-24ರ ಹಣಕಾಸು ವರ್ಷದಲ್ಲಿ ಫೌಂಡೇಶನ್ನಿನ ವರಮಾನ ಸುಮಾರು 18.5 ಕೋಟಿ ಡಾಲರ್ ಇತ್ತು. ಅದರ ಬಹುಪಾಲು ಓದುಗರು ಕೊಟ್ಟ ದೇಣಿಗೆ. ಆ ಹಣದಲ್ಲಿ ಯಾವ ಭಾಷೆಯ ತಂತ್ರಾಂಶಕ್ಕೆ ಎಷ್ಟು, ಯಾವ ಖಂಡದ ಸ್ವಯಂಸೇವಕ ಬಳಗಕ್ಕೆ ಎಷ್ಟು ಎಂಬ ಧೋರಣೆಯ ಮೂಲ ಇರುವುದು ಮಂಡಳಿಯಲ್ಲಿ. ಇಂಗ್ಲಿಷ್ ವಿಕಿಪೀಡಿಯದ ಲೇಖನಗಳು 70 ಲಕ್ಷ ದಾಟಿರುವಾಗ ಕನ್ನಡದಲ್ಲಿ ಇರುವುದು ಮೂವತ್ತು ಸಾವಿರ ಚಿಲ್ಲರೆ. ಕಾಲುವೆಯ ಭಾಷೆಯಲ್ಲೇ ಹೇಳುವುದಾದರೆ ಕನ್ನಡ ಇಲ್ಲಿ ಕೊನೆಯ ಭಾಗದ ಗದ್ದೆ.

ಭಾರತಕ್ಕೆ ಸಂಬಂಧಿಸಿದ ಕಾನೂನು ಸಂಕಷ್ಟಗಳೂ ಈ ಮಂಡಳಿಯ ಮುಂದೆ ಬರುತ್ತವೆ. ಸುದ್ದಿಸಂಸ್ಥೆ ಎಎನ್‌ಐ 2024ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಫೌಂಡೇಶನ್ ವಿರುದ್ಧ ಮಾನನಷ್ಟ ಮೊಕದ್ದಮೆ ಹೂಡಿತು. ಆ ಮೊಕದ್ದಮೆಯ ಕುರಿತೇ ಇದ್ದ ವಿಕಿಪೀಡಿಯ ಪುಟವನ್ನು ತೆಗೆಯುವಂತೆ ಹೈಕೋರ್ಟ್ ನೀಡಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ರದ್ದುಪಡಿಸಿತು. ಇಂಥ ಸಂದರ್ಭದಲ್ಲಿ ಭಾರತದ ಓದುಗರನ್ನೂ ನ್ಯಾಯಾಲಯಗಳನ್ನೂ ಬಲ್ಲ ದನಿಯೊಂದು ಮಂಡಳಿಯ ಒಳಗಿರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ಹದಿನಾರು ಕುರ್ಚಿಗಳು

2020ರ ತಿದ್ದುಪಡಿಯ ಬಳಿಕ ಮಂಡಳಿಯ ಗರಿಷ್ಠ ಬಲ 16ಕ್ಕೆ ಏರಿತು. ಅದರಲ್ಲಿ 8 ಸ್ಥಾನಗಳು ಸ್ವಯಂಸೇವಕ ಸಮುದಾಯ ಹಾಗೂ ಅಂಗಸಂಸ್ಥೆಗಳ ಪಾಲಿನವು. 7 ಸ್ಥಾನಗಳಿಗೆ ಪರಿಣತರನ್ನು ಮಂಡಳಿಯೇ ನೇಮಿಸಿಕೊಳ್ಳುತ್ತದೆ. ಒಂದು ಸ್ಥಾನ ಸ್ಥಾಪಕರಿಗೆ ಮೀಸಲು. ಅವಧಿ ಮೂರು ವರ್ಷ. ಸತತವಾಗಿ ಮೂರು ಅವಧಿಗಿಂತ ಹೆಚ್ಚು ಕಾಲ ಇರುವಂತಿಲ್ಲ.

ಭಾರತ ಈ ಮಂಡಳಿಗೆ ಸಂಪೂರ್ಣ ಹೊರಗಿನದೇನಲ್ಲ. ಮುಂಬೈನ ಲೇಖಕಿ ಹಾಗೂ ಚಿತ್ರ ನಿರ್ಮಾಪಕಿ ಬಿಶಾಖಾ ದತ್ತಾ 2010ರಿಂದ 2014ರವರೆಗೆ ಸದಸ್ಯರಾಗಿದ್ದರು. ‘ಮಿಂಟ್’ ಪತ್ರಿಕೆಯ ಸ್ಥಾಪಕ ಸಂಪಾದಕ ರಾಜು ನರಿಸೆಟ್ಟಿ 2017ರಲ್ಲಿ ಮಂಡಳಿ ಸೇರಿದರು. ಆದರೆ ಇಬ್ಬರೂ ಬಂದದ್ದು ನೇಮಕದ ಬಾಗಿಲಿನಿಂದ, ಮತಪೆಟ್ಟಿಗೆಯ ಮೂಲಕವಲ್ಲ.

ಮತದ ಬಾಗಿಲಿನಿಂದ ಬಂದವರ ಪೈಕಿ ಇಲ್ಲಿ ನೆನೆಯಬೇಕಾದ ಹೆಸರು ಫ್ಲಾರೆನ್ಸ್ ದೆವೂವಾರ್ ಅವರದು. ಫ್ರಾನ್ಸಿನ ಈ ಮಹಿಳೆ ಓದಿದ್ದು ಕೃಷಿ ವಿಜ್ಞಾನ, ಮಾತೃಭಾಷೆ ಇಂಗ್ಲಿಷ್ ಅಲ್ಲ. 2004ರ ಮೊದಲ ಚುನಾವಣೆಯಲ್ಲಿ ಗೆದ್ದ ಇಬ್ಬರಲ್ಲಿ ಅವರೊಬ್ಬರು. 2006ರಲ್ಲಿ ಜಿಮ್ಮಿ ವೇಲ್ಸ್ ಅವರ ನಂತರ ಮಂಡಳಿಯ ಅಧ್ಯಕ್ಷರಾಗಿ 2008ರವರೆಗೆ ಮುಂದುವರಿದರು.

ಮತದ ಹಕ್ಕು ದುಡಿದು ಪಡೆಯಬೇಕು

ವಿಧಾನಸಭೆ ಚುನಾವಣೆಯಲ್ಲಿ 18 ತುಂಬಿದರೆ ಮತದ ಹಕ್ಕು ತಾನಾಗಿ ಬರುತ್ತದೆ. ಇಲ್ಲಿ ಹಾಗಿಲ್ಲ. 2021ರ ನಿಯಮದಂತೆ ಮತದಾರರಾಗಲು ವಿಕಿಮೀಡಿಯಾ ಯೋಜನೆಗಳಲ್ಲಿ ಕನಿಷ್ಠ 300 ಸಂಪಾದನೆ ಮಾಡಿರಬೇಕಿತ್ತು. ಅದಕ್ಕೂ ಮೇಲಾಗಿ ಚುನಾವಣೆಗೆ ಮುಂಚಿನ ಆರು ತಿಂಗಳಲ್ಲಿ 20 ಸಂಪಾದನೆಯಾದರೂ ಇರಬೇಕಿತ್ತು. ಒಂದು ಅಕ್ಷರದ ತಪ್ಪು ತಿದ್ದಿದರೂ ಅದು ಒಂದು ಸಂಪಾದನೆಯೇ. ಹೊಸ ಪರಿಚ್ಛೇದ ಸೇರಿಸಿದರೂ ಒಂದೇ. ದಿನಕ್ಕೆ ಮೂರರಂತೆ ಮಾಡಿದರೆ ನೂರು ದಿನದಲ್ಲಿ ಹಕ್ಕು ಕೈಸೇರುತ್ತದೆ. ಯಾವ ಭಾಷೆಯಲ್ಲಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ ಎಂಬುದು ಕನ್ನಡಿಗರು ಗಮನಿಸಬೇಕಾದ ಸಂಗತಿ.

ರಾಯಚೂರು ಜಿಲ್ಲೆಯ ಪದವೀಧರರಿಗೆ ಇದು ತೀರಾ ಅಪರಿಚಿತ ಪದ್ಧತಿಯಲ್ಲ. ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರದಲ್ಲಿಯೂ ಪದವಿ ಗಳಿಸಿ, ಹೆಸರು ನೋಂದಾಯಿಸಿದವರಿಗಷ್ಟೇ ಮತ. ಎಣಿಕೆಯ ರೀತಿಯೂ ಅದನ್ನೇ ಹೋಲುತ್ತದೆ. ಮತದಾರರು ಒಬ್ಬರಿಗೆ ಮುದ್ರೆ ಒತ್ತುವ ಬದಲು ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯ ಕೊಡುತ್ತಾರೆ. ನಿಗದಿತ ಕೋಟಾ ಮುಟ್ಟಿದವರ ಹೆಚ್ಚುವರಿ ಮತವೂ ಕಡೆಯ ಸ್ಥಾನದಲ್ಲಿದ್ದು ಹೊರಬಿದ್ದವರ ಮತವೂ ಮುಂದಿನ ಪ್ರಾಶಸ್ತ್ಯಕ್ಕೆ ವರ್ಗವಾಗುತ್ತವೆ. ವಿಕಿಮೀಡಿಯಾ ಈ ವರ್ಗಾವಣೀಯ ಮತ ಪದ್ಧತಿಯನ್ನು ಮಂಡಳಿ ಚುನಾವಣೆಗೆ ಮೊದಲ ಬಾರಿಗೆ ಅಳವಡಿಸಿಕೊಂಡದ್ದು 2021ರಲ್ಲಿ.

ಜಗತ್ತಿನ ಚುನಾವಣೆ, ತಾಲ್ಲೂಕಿನಷ್ಟೂ ಮತವಿಲ್ಲ

2021ರ ಏಪ್ರಿಲ್‌ನಲ್ಲಿ ಮಸ್ಕಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆ ಇಡೀ ರಾಜ್ಯದ ಗಮನ ಸೆಳೆದಿತ್ತು. ಆ ಕ್ಷೇತ್ರದ ಮತದಾರರು ಸುಮಾರು ಎರಡು ಲಕ್ಷ. ಅದೇ ವರ್ಷದ ಆಗಸ್ಟ್‌ನಲ್ಲಿ ವಿಕಿಮೀಡಿಯಾದ ನಾಲ್ಕು ಸ್ಥಾನಗಳಿಗೆ ಚುನಾವಣೆ ನಡೆಯಿತು. ಕಣದಲ್ಲಿದ್ದವರು 19 ಮಂದಿ. ಜಗತ್ತಿನಾದ್ಯಂತ, 214 ವಿಕಿ ಯೋಜನೆಗಳಿಂದ ಮತ ಹಾಕಿದವರು 6,873 ಜನ ಮಾತ್ರ. ಮತದಾನದ ಪ್ರಮಾಣ ಶೇ 10ರ ಆಸುಪಾಸು.

ಅಂದರೆ ಕೋಟ್ಯಂತರ ಜನ ದಿನವೂ ಓದುವ ವಿಶ್ವಕೋಶದ ಆಡಳಿತ ಮಂಡಳಿಯನ್ನು ನಿರ್ಧರಿಸಿದ ಮತಗಳು ಕೆಲವೇ ಹಳ್ಳಿಗಳ ಮತಗಟ್ಟೆಗಳಲ್ಲಿ ಬೀಳುವಷ್ಟು. ನಾಲ್ಕು ಸ್ಥಾನದ ಎಣಿಕೆಯಲ್ಲಿ ಕೋಟಾ ಎಂದರೆ ಒಟ್ಟು ಮತದ ಐದನೆಯ ಒಂದು ಭಾಗ. ಆ ಲೆಕ್ಕದಲ್ಲಿ ಆರಂಭದ ಕೋಟಾ ಸುಮಾರು 1,375. ಇದೇ ಮಸ್ಕಿಯಲ್ಲಿ 2018ರ ವಿಧಾನಸಭಾ ಚುನಾವಣೆಯ ಗೆಲುವಿನ ಅಂತರ ಕೇವಲ 213 ಮತವಾಗಿತ್ತು. ಒಂದೊಂದು ಮತದ ಬೆಲೆ ಏನೆಂದು ಇಲ್ಲಿನ ಜನರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಆ ಸಲ ಭಾರತದಿಂದಲೂ ಅಭ್ಯರ್ಥಿಗಳಿದ್ದರು, ಯಾರೂ ಗೆಲ್ಲಲಿಲ್ಲ. ಗೆದ್ದ ನಾಲ್ವರಲ್ಲಿ ಪೋಲೆಂಡ್, ಇಟಲಿ, ಅಮೆರಿಕದವರಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ಹೆಚ್ಚು ಸಂಪಾದಕರಿರುವುದು ಇಂಗ್ಲಿಷ್ ಮತ್ತು ಐರೋಪ್ಯ ಭಾಷೆಗಳಲ್ಲಿ, ಮತವೂ ಅಲ್ಲಿಯೇ. ಕನ್ನಡದ ಸಕ್ರಿಯ ಸಂಪಾದಕರೆಲ್ಲ ಒಂದಾದರೂ ಕೋಟಾ ತುಂಬುವುದಿಲ್ಲ. ಭಾರತದ ಅಭ್ಯರ್ಥಿ ಗೆಲ್ಲಬೇಕಾದರೆ ಕನ್ನಡ, ತೆಲುಗು, ತಮಿಳು, ಮರಾಠಿ, ಬಂಗಾಳಿ ಸಮುದಾಯಗಳು ಪರಸ್ಪರ ಎರಡನೆಯ, ಮೂರನೆಯ ಪ್ರಾಶಸ್ತ್ಯ ಹಂಚಿಕೊಳ್ಳಬೇಕು. ವರ್ಗಾವಣೀಯ ಮತ ಪದ್ಧತಿ ಅದಕ್ಕೆ ಅವಕಾಶ ಕೊಡುತ್ತದೆ.

ಪ್ರದೇಶವಾರು ಮೀಸಲು ಸ್ಥಾನ ಇರಬೇಕೇ ಎಂಬ ಚರ್ಚೆಯೂ 2021ರ ಆರಂಭದಲ್ಲಿ ನಡೆದಿತ್ತು. 371(ಜೆ) ವಿಧಿಗಾಗಿ ದಶಕಗಳ ಕಾಲ ಹೋರಾಡಿದ ಕಲ್ಯಾಣ ಕರ್ನಾಟಕದ ಜನರಿಗೆ ಈ ವಾದದ ಎರಡೂ ಮುಖಗಳು ಗೊತ್ತಿರುವಂಥವೇ. ಆದರೆ ವಿಕಿಮೀಡಿಯಾದಲ್ಲಿ ಪ್ರದೇಶವಾರು ಮೀಸಲಾತಿ ಜಾರಿಗೆ ಬರಲಿಲ್ಲ.

ಅಭ್ಯರ್ಥಿಯ ಮುಂದಿನ ಮೆಟ್ಟಿಲುಗಳು

ಸ್ಪರ್ಧಿಸುವವರು ತಮ್ಮ ನಿಜವಾದ ಗುರುತನ್ನು ಸಂಸ್ಥೆಗೆ ದೃಢಪಡಿಸಬೇಕು. ವಿಕಿಪೀಡಿಯದಲ್ಲಿ ಗುಪ್ತನಾಮದಿಂದ ಬರೆಯಬಹುದಾದರೂ ಮಂಡಳಿಯಲ್ಲಿ ಗುಪ್ತನಾಮಕ್ಕೆ ಜಾಗವಿಲ್ಲ. ಆಯ್ಕೆಯಾದರೆ ಅಂಗಸಂಸ್ಥೆಗಳಲ್ಲಿನ ವೇತನದ ಹುದ್ದೆ, ಪದಾಧಿಕಾರ ಬಿಡಬೇಕು. ಟ್ರಸ್ಟಿಗಳಿಗೆ ಸಂಬಳವಿಲ್ಲ, ಪ್ರಯಾಣದ ವೆಚ್ಚ ಸಂಸ್ಥೆ ಭರಿಸುತ್ತದೆ. ವರ್ಷಕ್ಕೆ ಪ್ರಯಾಣ ಬಿಟ್ಟು ಸುಮಾರು 150 ಗಂಟೆ ಮೀಸಲಿಡಬೇಕೆಂಬುದು ಸಂಸ್ಥೆಯ ನಿರೀಕ್ಷೆ.

ಸಭೆಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಲೆಕ್ಕಪರಿಶೋಧನೆಯ ವರದಿ, ಕಾನೂನು ಟಿಪ್ಪಣಿಗಳನ್ನು ಓದಿ ಪ್ರಶ್ನೆ ಕೇಳುವಷ್ಟು ಹಿಡಿತ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಸ್ವಯಂಸೇವಕರಿಗೆ 300 ಸಂಪಾದನೆಗಿಂತ ಇದೇ ದೊಡ್ಡ ತಡೆ.

ನಿಯಮಗಳು ಪ್ರತಿ ಚುನಾವಣೆಗೂ ಒಂದೇ ಇರುವುದಿಲ್ಲ. 2022ರಲ್ಲಿ ಅಂಗಸಂಸ್ಥೆಗಳು ಮೊದಲು ಆರು ಹೆಸರು ಆರಿಸಿದವು. ಆ ಆರರಲ್ಲಿ ಇಬ್ಬರನ್ನು ಸಮುದಾಯ ಚುನಾಯಿಸಿತು. ಬಲವಾದ ಅಂಗಸಂಸ್ಥೆ ಇಲ್ಲದ ಪ್ರದೇಶಕ್ಕೆ ಇಂಥ ಜರಡಿ ಅನುಕೂಲಕರವಲ್ಲ. ಬೆಂಗಳೂರಿನಲ್ಲಿ 2011ರಲ್ಲಿ ನೋಂದಣಿಯಾದ ವಿಕಿಮೀಡಿಯಾ ಇಂಡಿಯಾ ಸಂಘದ ಮಾನ್ಯತೆಯನ್ನು ಫೌಂಡೇಶನ್ 2019ರಲ್ಲಿ ಹಿಂಪಡೆಯಿತು ಎಂಬುದು ಇಲ್ಲಿ ಗಮನಾರ್ಹ.

ಗೆಲುವೂ ಕೊನೆಯ ಮಾತಲ್ಲ. ಕಾನೂನಿನ ಪ್ರಕಾರ ಮತದಾನದ ಫಲಿತಾಂಶವನ್ನು ಅಂಗೀಕರಿಸಿ ಸದಸ್ಯರನ್ನು ನೇಮಿಸುವ ಅಧಿಕಾರ ಮಂಡಳಿಯದೇ. 2015ರಲ್ಲಿ ಗೆದ್ದ ಕೆನಡಾದ ವೈದ್ಯ ಜೇಮ್ಸ್ ಹೈಲ್‌ಮನ್ ಅವರನ್ನು ಉಳಿದ ಸದಸ್ಯರು ಅದೇ ವರ್ಷದ ಡಿಸೆಂಬರ್‌ನಲ್ಲಿ ಬಹುಮತದಿಂದ ಹೊರಹಾಕಿದರು. 2017ರಲ್ಲಿ ಮತದಾರರು ಅವರನ್ನೇ ಮತ್ತೆ ಆರಿಸಿ ಕಳುಹಿಸಿದರು. 2025ರಲ್ಲಿ ಮತದಾನಕ್ಕೆ ಮುನ್ನ ಆರು ಜನರ ಪಟ್ಟಿಯಿಂದ ಇಬ್ಬರನ್ನು ಮಂಡಳಿ ಕೈಬಿಟ್ಟಾಗ ಸ್ವಯಂಸೇವಕರಿಂದ ತೀವ್ರ ಆಕ್ಷೇಪ ಕೇಳಿಬಂತು. ಸಮುದಾಯದ ಮತಕ್ಕೆ ಎಷ್ಟು ತೂಕ ಎಂಬ ಪ್ರಶ್ನೆ ಅಲ್ಲಿ ಇನ್ನೂ ಬಗೆಹರಿದಿಲ್ಲ.

ಆರಂಭ ಎಲ್ಲಿಂದ?

ಹೀಗಿರುವಾಗ ಮೂರು ತಾಲ್ಲೂಕುಗಳ ಯುವಜನರು ಮಾಡಬಹುದಾದದ್ದೇನು? ಉತ್ತರ ಮಸ್ಕಿಯ ಬಂಡೆಯಲ್ಲೇ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೆ ಶಾಸನಗಳ ‘ದೇವಾನಾಂಪ್ರಿಯ’ನೇ ಅಶೋಕ ಎಂದು ವಿದ್ವಾಂಸರು ಶ್ರೀಲಂಕಾದ ಗ್ರಂಥಗಳ ನೆರವಿನಿಂದ ಗುರುತಿಸಿದ್ದರು. ಆದರೆ ಆ ಬಿರುದಿನೊಡನೆ ಅಶೋಕ ಎಂಬ ಹೆಸರನ್ನೇ ಹೊತ್ತ ಶಾಸನ ದೊರೆತದ್ದು 1915ರಲ್ಲಿ, ಮಸ್ಕಿಯಲ್ಲಿ. ಅದನ್ನು ಕಂಡವರು ಗಣಿ ಎಂಜಿನಿಯರ್ ಬೀಡನ್. ಜಗತ್ತಿನ ಪ್ರಶ್ನೆಯೊಂದಕ್ಕೆ ಖಚಿತ ಉತ್ತರ ಈ ನೆಲದ ಕಲ್ಲಿನಲ್ಲಿತ್ತು.

ಬರೆಯಲು ಇಲ್ಲಿ ವಿಷಯಕ್ಕೆ ಬರವಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ, ಮುದಗಲ್ಲಿನ ಕೋಟೆ, ಪಿಕ್ಲಿಹಾಳದ ನವಶಿಲಾಯುಗದ ನೆಲೆ, ಜಲದುರ್ಗ. ಸಿಂಧನೂರಿನ ಭತ್ತದ ಬಯಲು ಮತ್ತು ಅಲ್ಲಿ ನೆಲೆ ಕಂಡ ಬಂಗಾಳಿ ನಿರಾಶ್ರಿತರ ಶಿಬಿರಗಳು. ಪ್ರಕಟಿತ ಆಧಾರದೊಡನೆ ಬರೆದ ಒಂದೊಂದು ಸಾಲೂ ಓದುಗರಿಗೆ ಉಪಯೋಗ. ಬರೆದವರಿಗೆ ಮತದ ಹಕ್ಕಿನತ್ತ ಒಂದು ಹೆಜ್ಜೆ. ಚಿತ್ರ ತೆಗೆದು ವಿಕಿಮೀಡಿಯಾ ಕಾಮನ್ಸ್‌ಗೆ ಏರಿಸಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ.

ಎರಡನೆಯ ಹೆಜ್ಜೆ ಬಳಗ ಕಟ್ಟುವುದು. ಮಂಗಳೂರು ಕೇಂದ್ರಿತ ಕರಾವಳಿ ವಿಕಿಮೀಡಿಯನ್ನರ ಬಳಗ ಇದಕ್ಕೆ ಮಾದರಿ. 2016ರಲ್ಲಿ ತುಳು ವಿಕಿಪೀಡಿಯ ಸ್ವತಂತ್ರವಾಗಿ ಹೊರಬಂದದ್ದು ಆ ಭಾಗದ ಸ್ವಯಂಸೇವಕರ ದುಡಿಮೆಯಿಂದ. ಇಂಥ ಬಳಕೆದಾರ ಬಳಗಕ್ಕೆ ಫೌಂಡೇಶನ್ನಿನ ಮಾನ್ಯತೆ ಪಡೆಯಲು ಸಂಘದ ನೋಂದಣಿ ಕಡ್ಡಾಯವಲ್ಲ. ಮಂಡಳಿಗೆ ನಿಲ್ಲುವುದು ಇವೆಲ್ಲದರ ನಂತರದ ಮಾತು.

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಅವರ ಊರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕವಾಗಿತ್ತು. ಒಂದೊಂದೇ ಕಾಳು ಕೂಡಿಸಿ ಊರಿಗೆ ಉಣಿಸಿದ ಆ ನೆಲದ ಮಂದಿಗೆ ಮುನ್ನೂರು ಸಂಪಾದನೆ ಭಾರವಾಗಲಾರದು. ಮುಂದಿನ ಚುನಾವಣೆಯ ಮತದಾರರ ಪಟ್ಟಿಯಲ್ಲಿ ಈ ಮೂರು ತಾಲ್ಲೂಕುಗಳಿಂದ ಹತ್ತು ಹೆಸರು ಸೇರಿದರೂ ಅದು ಆರಂಭವೇ ಸರಿ.